ಎಮ್ಮೆಗೆ ಕ್ಯಾಲ್ಸಿಯಂ, ಅವ್ವಗೆ ಕೋರಾ ಚಹಾ

ನಮ್ಮ ಕಡೆ ಒಂದು ಮಾತು ವರ್ಷಕ್ಕೆ ನಾಲ್ಕಾರು ಸಲವಾದರೂ ಕಿವಿಗೆ ಬೀಳುತ್ತದೆ. "ಆಯಿ ಬಚ್ಚಲದಾಗ ಜಾರಿ ಬಿದ್ದಾಳಂತ, ಟೊಂಕ ಮುರದದಂತ." ಕೇಳಿದವರು ಒಮ್ಮೆ ಲೊಚಗುಟ್ಟುತ್ತಾರೆ. "ವಯಸ್ಸ ಆಗಿತ್ತಲ್ಲ, ಇನ್ನೇನ ಮಾಡೂದದ" ಎನ್ನುತ್ತಾರೆ. ಆಮೇಲೆ ಮಾತು ಜೋಳದ ಧಾರಣೆಗೋ ಕಬ್ಬಿನ ಬಿಲ್ಲಿಗೋ ಹೊರಳುತ್ತದೆ. ಬಿದ್ದ ಆಯಿ ಮಾತ್ರ ಹೊರಸಿನ ಮೇಲೆ ಉಳಿಯುತ್ತಾಳೆ. ಕೆಲವರು ಮತ್ತೆ ಏಳುತ್ತಾರೆ, ಹಲವರು ಏಳುವುದಿಲ್ಲ.

ಈ "ವಯಸ್ಸ ಆಗಿತ್ತಲ್ಲ" ಎಂಬ ಮಾತಿನ ಮೇಲೆಯೇ ನಮ್ಮ ತಕರಾರು. ವಯಸ್ಸು ಒಂದು ಕಾರಣ, ನಿಜ. ಆದರೆ ಅದೊಂದೇ ಕಾರಣವಲ್ಲ. ಉಳಿದ ಕಾರಣಗಳಲ್ಲಿ ಅರ್ಧದಷ್ಟು ನಮ್ಮ ಮನೆಯೊಳಗೇ ಇವೆ, ನಮ್ಮ ಕೈಯಲ್ಲೇ ಇವೆ. ಅವನ್ನು ನೋಡದೆ ವಿಧಿಯ ಮೇಲೆ ಹಾಕುವುದು ಸುಲಭವಾಗಿದೆ, ಅಷ್ಟೇ.

ಕನ್ನಡ ಶಾಲೆಯ ಮಾಸ್ತರರಿಗೆ ಎಲುಬಿನ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ನಾವು ಡಾಕ್ಟರರಲ್ಲ, ಒಪ್ಪುತ್ತೇವೆ. ಆದರೆ ಹಾಜರಿ ಪುಸ್ತಕ ನಮ್ಮ ಕೈಯಲ್ಲಿರುತ್ತದೆ. ಕಂದಲಗಾಂವ ಇರಲಿ, ದಕ್ಷಿಣ ಸೊಲ್ಲಾಪುರದ ಬೇರೆ ಹಳ್ಳಿಗಳಿರಲಿ, ಅಕ್ಕಲಕೋಟ ತಾಲೂಕಿನ ಕನ್ನಡ ಊರುಗಳಿರಲಿ, ಆರನೇ ಏಳನೇ ಇಯತ್ತೆಯ ಹುಡುಗಿ ವಾರಗಟ್ಟಲೆ ಬರಲಿಲ್ಲವೆಂದರೆ ಕಾರಣ ಕೇಳಬೇಕಾಗುತ್ತದೆ. ಅವ್ವ ಹೊಲಕ್ಕೆ ಕೂಲಿಗೆ ಹೋಗಬೇಕು, ಮಲಗಿದ ಆಯಿಗೆ ನೀರು ಕೊಡಬೇಕು, ಮಗ್ಗಲು ಬದಲಿಸಬೇಕು, ಮೈ ಒರೆಸಬೇಕು. ಆ ಕೆಲಸ ಗಂಡುಹುಡುಗನ ಪಾಲಿಗೆ ಬರುವುದಿಲ್ಲ. ಒಬ್ಬ ಮುದುಕಿಯ ಎಲುಬು ಮುರಿದರೆ ಒಬ್ಬ ಹುಡುಗಿಯ ಓದೂ ಮುರಿಯಬಹುದು. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಮೊದಲು ಮುರಿಯುವುದು ಯಾವುದು ಎಂದು ತಿಳಿಯೋಣ. ಟೊಂಕ ಮುರಿಯಿತು ಎಂದು ನಾವು ಹೇಳುವುದು ಹೆಚ್ಚಾಗಿ ತೊಡೆಯ ಎಲುಬಿನ ಮೇಲ್ತುದಿ. ಅದು ಸೊಂಟದ ಗೂಡಿನಲ್ಲಿ ಕೂಡುವ ಜಾಗದಲ್ಲಿ ಕತ್ತಿನ ಹಾಗೆ ಸಣ್ಣಗಿರುತ್ತದೆ. ಮರಾಠಿಯಲ್ಲಿ ಖುಬಾ ಎನ್ನುತ್ತಾರಲ್ಲ, ಅದೇ. ಈ ಮುರಿತಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆಗುವುದು ಬೀಳುವುದರಿಂದ. ಮಾಳಿಗೆಯಿಂದ ಬೀಳಬೇಕಾಗಿಲ್ಲ, ನಿಂತ ಎತ್ತರದಿಂದ ಮಗ್ಗುಲಿಗೆ ಬಿದ್ದರೂ ಸಾಕು. ಹರೆಯದ ಹುಡುಗಿ ಹಾಗೆ ಬಿದ್ದರೆ ಎದ್ದು ಸೀರೆ ಜಾಡಿಸಿಕೊಂಡು ನಗುತ್ತಾಳೆ. ಎಪ್ಪತ್ತರ ಆಯಿ ಬಿದ್ದರೆ ಎಲುಬು ಲಟಕ್ಕೆನ್ನುತ್ತದೆ. ಒಳಗೆ ಅದು ಆಗಲೇ ಗೆದ್ದಲು ತಿಂದ ತೊಲೆಯ ಹಾಗೆ ಟೊಳ್ಳಾಗಿರುತ್ತದೆ. ಇದಕ್ಕೇ ಆಸ್ಟಿಯೊಪೊರೊಸಿಸ್ ಎನ್ನುತ್ತಾರೆ. ಇದು ನೋಯುವುದಿಲ್ಲ, ಬಾಯುವುದಿಲ್ಲ, ಜ್ವರ ಬರಿಸುವುದಿಲ್ಲ. ಮುರಿದ ದಿನವೇ ಗೊತ್ತಾಗುವುದು.

ಅಂದರೆ ಎರಡು ಸಂಗತಿ ಕೂಡಬೇಕು. ಎಲುಬು ಟೊಳ್ಳಾಗಿರಬೇಕು, ಮತ್ತು ಬೀಳಬೇಕು. ಎರಡಕ್ಕೂ ಬೇರೆ ಬೇರೆ ಕಾರಣಗಳಿವೆ.

"ನಮ್ಮ ಹಿರಿಯರು ಜೋಳದ ರೊಟ್ಟಿ ತಿಂದು ಕಬ್ಬಿಣದಂಗ ಇದ್ರು, ಅವಾಗ ಇವೆಲ್ಲ ಎಲ್ಲಿದ್ದವು?" ಎಂದು ಕಟ್ಟೆಯ ಮೇಲೆ ಕೂತವರು ಕೇಳುತ್ತಾರೆ. ಉತ್ತರ ಸರಳವಾಗಿದೆ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಸರಾಸರಿ ಆಯುಷ್ಯ ಮೂವತ್ತರ ಆಸುಪಾಸಿನಲ್ಲಿತ್ತು. ಈಗ ಅದು ಎಪ್ಪತ್ತರ ಹತ್ತಿರ ಬಂದಿದೆ. ಬಾಣಂತನದಲ್ಲಿ, ಕಾಲರಾದಲ್ಲಿ, ಕ್ಷಯದಲ್ಲಿ ಹೋಗುತ್ತಿದ್ದ ಹೆಣ್ಣುಮಕ್ಕಳು ಇಂದು ಮೊಮ್ಮಕ್ಕಳ ಮದುವೆ ನೋಡುತ್ತಿದ್ದಾರೆ. ಸಂತೋಷವೇ. ಆದರೆ ಮುಟ್ಟು ನಿಂತ ಮೇಲೆ ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ಆ ಎಲುಬು ಅವಳನ್ನು ಹೊರಬೇಕು. ಹಿರಿಯರ ಕಾಲದಲ್ಲಿ ಈ ಪರೀಕ್ಷೆಗೆ ಕೂತವರೇ ಕಡಿಮೆ, ಹಾಗಾಗಿ ನಾಪಾಸಾದವರೂ ಕಡಿಮೆ ಕಂಡರು.

ಈ ವಿಷಯದಲ್ಲಿ ಜಗತ್ತಿನಲ್ಲಿ ಹೆಸರಾದ ಒಂದು ಅಧ್ಯಯನವಿದೆ. ಅಮೆರಿಕದ ನಾಲ್ಕು ಕಡೆಗಳಲ್ಲಿ 65 ದಾಟಿದ 9516 ಬಿಳಿಯ ಹೆಣ್ಣುಮಕ್ಕಳನ್ನು ಸರಾಸರಿ ನಾಲ್ಕು ವರ್ಷ ಹಿಂಬಾಲಿಸಿ ನೋಡಿದರು. ಸ್ಟೀವನ್ ಕಮಿಂಗ್ಸ್ ಮತ್ತು ಸಂಗಡಿಗರು 1995ರಲ್ಲಿ ಅದನ್ನು ಪ್ರಕಟಿಸಿದರು. ಅಷ್ಟರಲ್ಲಿ 192 ಮಂದಿಗೆ ಬಿದ್ದು ಸೊಂಟದ ಎಲುಬು ಮುರಿದಿತ್ತು. ಮುರಿದವರಲ್ಲಿ ಏನೇನು ಇತ್ತು, ಮುರಿಯದವರಲ್ಲಿ ಏನಿರಲಿಲ್ಲ ಎಂದು ತಾಳೆ ಹಾಕಿದರು.

ಅವರ ಪಟ್ಟಿ ನೋಡಿ. ತಾಯಿಗೂ ಹೀಗೇ ಮುರಿದಿದ್ದರೆ ಮಗಳಿಗೆ ಅಪಾಯ ಹೆಚ್ಚು. ಐವತ್ತರ ಮೇಲೆ ಬೇರೆ ಯಾವುದಾದರೂ ಎಲುಬು ಮುರಿದಿದ್ದರೆ ಹೆಚ್ಚು. ಹರೆಯದಲ್ಲಿದ್ದ ತೂಕ ಮುಪ್ಪಿನಲ್ಲಿ ಇಳಿದವರಿಗೆ ಹೆಚ್ಚು. ಎತ್ತರದ ಮೈಕಟ್ಟಿನವರಿಗೆ ಹೆಚ್ಚು. ನಿದ್ದೆಯ ಗುಳಿಗೆ, ಮೂರ್ಛೆ ರೋಗದ ಗುಳಿಗೆ ತೆಗೆದುಕೊಳ್ಳುವವರಿಗೆ, ಹಿಂದೆ ಥೈರಾಯ್ಡ್ ಹೆಚ್ಚಾಗಿದ್ದವರಿಗೆ ಹೆಚ್ಚು. ದಿನಕ್ಕೆ ನಾಲ್ಕು ತಾಸಿಗಿಂತ ಕಡಿಮೆ ಕಾಲಮೇಲೆ ಇರುವವರಿಗೆ ಹೆಚ್ಚು. ಕುರ್ಚಿಯಿಂದ ಕೈ ಊರದೆ ಏಳಲಾಗದವರಿಗೆ ಹೆಚ್ಚು. ಕಣ್ಣಿನ ದೃಷ್ಟಿ ಮಬ್ಬಾಗಿ, ಮೆಟ್ಟಿಲು ಎಷ್ಟು ಆಳ ಇದೆ ಎಂದು ಅಂದಾಜು ಸಿಗದವರಿಗೆ ಹೆಚ್ಚು. ಇವುಗಳಲ್ಲಿ ಐದಕ್ಕಿಂತ ಕಡಿಮೆಯಿಲ್ಲದಷ್ಟು ಕಾರಣಗಳಿದ್ದು ಎಲುಬೂ ಟೊಳ್ಳಾಗಿದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ 27 ಮಂದಿಗೆ ಮುರಿಯಿತು. ಎರಡೋ ಅದಕ್ಕಿಂತ ಕಡಿಮೆಯೋ ಕಾರಣಗಳಿದ್ದು ಎಲುಬು ವಯಸ್ಸಿಗೆ ತಕ್ಕಂತೆ ಇದ್ದವರಲ್ಲಿ ಸಾವಿರಕ್ಕೆ ಸುಮಾರು ಒಬ್ಬರಿಗೆ. ಎಲ್ಲರೂ ಮುದುಕಿಯರೇ. ಹಾಗಿದ್ದರೂ ಇಷ್ಟು ಅಂತರ! "ವಯಸ್ಸ ಆಗಿತ್ತಲ್ಲ" ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು, ಅಲ್ಲವೇ?

ಆದರೆ ಆ ಪಟ್ಟಿ ಬಿಳಿಯರ ನಾಡಿನದು. ಅದನ್ನು ಹಾಗೆಯೇ ತಂದು ನಮ್ಮ ಓಣಿಯಲ್ಲಿ ಅಂಟಿಸಿದರೆ ಸಾಲದು. ನಮ್ಮ ದೇಶದಲ್ಲಿ ಲೆಕ್ಕ ಇಟ್ಟವರು ಕಡಿಮೆ. ಹರಿಯಾಣದ ರೋಹ್ತಕ ಜಿಲ್ಲೆಯಲ್ಲಿ 2009ರ ಲೆಕ್ಕ ತೆಗೆದಾಗ, ಐವತ್ತು ದಾಟಿದ ಲಕ್ಷ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ 159 ಮಂದಿಗೆ, ಲಕ್ಷ ಗಂಡಸರಲ್ಲಿ 105 ಮಂದಿಗೆ ಸೊಂಟದ ಎಲುಬು ಮುರಿದದ್ದು ಕಂಡಿತು. ಪಶ್ಚಿಮದ ದೇಶಗಳಿಗಿಂತ ಇದು ಕಡಿಮೆಯೇ. ಆದರೆ ನಮ್ಮ ಮುದುಕಿಯರ ಸಂಖ್ಯೆ ಬೆಳೆಯುತ್ತಿದೆ. ದವಾಖಾನೆಗೆ ಬರದೆ ಹೊರಸಿನ ಮೇಲೇ ಉಳಿದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ನಮ್ಮ ಪಟ್ಟಿಯನ್ನು ನಾವೇ ಬರೆದುಕೊಳ್ಳಬೇಕು. ನಮಗೆ ಕಂಡಂತೆ ಅದು ಹೀಗಿದೆ.

ಮೊದಲನೆಯದು, ಮುಟ್ಟು ಬೇಗ ನಿಲ್ಲುವುದು. ಎಲುಬನ್ನು ಕಾಯುವ ಈಸ್ಟ್ರೋಜೆನ್ ಎಂಬ ರಸ ಮುಟ್ಟು ನಿಂತ ಮೇಲೆ ಇಳಿಯುತ್ತದೆ. ಮುಂದಿನ ಕೆಲವು ವರ್ಷ ಎಲುಬು ಬೇಗ ಬೇಗ ಸವೆಯುತ್ತದೆ. ಪಶ್ಚಿಮದ ಹೆಂಗಸರಿಗೆ ಸರಾಸರಿ 51ರಲ್ಲಿ ನಿಂತರೆ ನಮ್ಮವರಿಗೆ 46-47ಕ್ಕೇ ನಿಲ್ಲುತ್ತದೆ. ಅದರ ಮೇಲೆ ಗರ್ಭಚೀಲ ತೆಗೆಸುವ ರೂಢಿ. "ಪಿಶವಿ ತೆಗಿಸೀವ್ರಿ" ಎಂದು ಮೂವತ್ತೈದು ದಾಟದವರೂ ಹೇಳುವುದುಂಟು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಬಗ್ಗೆ 2019ರಲ್ಲಿ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯ ಸಮಿತಿ ವಿಚಾರಿಸಿದಾಗ, 82 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಚೀಲ ತೆಗೆಸಿಕೊಂಡಿದ್ದರು. ಅದೇ ಟೋಳಿಗಳು ನಮ್ಮ ಸೊಲ್ಲಾಪುರ ಜಿಲ್ಲೆಯ ಸಕ್ಕರೆ ಕಾರಖಾನೆಗಳಿಗೂ ಬರುತ್ತವೆ. ಚೀಲದ ಜೊತೆಗೆ ಅಂಡಾಶಯವನ್ನೂ ತೆಗೆದಿದ್ದರೆ ರಸ ಒಂದೇ ದಿನಕ್ಕೆ ಬತ್ತುತ್ತದೆ. ತೆಗೆದಿದ್ದಾರೋ ಬಿಟ್ಟಿದ್ದಾರೋ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಆ ಕಾಗದವನ್ನು ಹುಡುಕಿ ಟ್ರಂಕಿನಲ್ಲಿ ಇಟ್ಟುಕೊಳ್ಳಿ ಎಂದು ನಾವು ಹೇಳುವುದು ಅದಕ್ಕೇ.

ಎರಡನೆಯದು, ಊಟ. ನಮ್ಮದು ಹಿಂಗಾರಿ ಜೋಳದ ಸೀಮೆ. ಜೋಳದ ರೊಟ್ಟಿ ನಮ್ಮ ಅಭಿಮಾನ. ಹೊಟ್ಟೆಗೆ, ಸಕ್ಕರೆ ಕಾಯಿಲೆಗೆ, ದುಡಿಮೆಗೆ ಅದು ಒಳ್ಳೆಯದೇ. ಆದರೆ ಕ್ಯಾಲ್ಸಿಯಂ ವಿಷಯದಲ್ಲಿ ಅಭಿಮಾನ ಬಿಟ್ಟು ಲೆಕ್ಕ ನೋಡಬೇಕು. ನೂರು ಗ್ರಾಂ ಜೋಳದಲ್ಲಿರುವುದು ಸುಮಾರು 25-30 ಮಿಲಿಗ್ರಾಂ ಮಾತ್ರ. ದಕ್ಷಿಣ ಕರ್ನಾಟಕದವರು ಉಣ್ಣುವ ರಾಗಿಯಲ್ಲಿ ಅದು 340ಕ್ಕೂ ಮೇಲೆ. ಮುಟ್ಟು ನಿಂತ ಹೆಣ್ಣಿಗೆ ದಿನಕ್ಕೆ 1200 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ತಿರುಪತಿಯ ವೈದ್ಯರು ಆಂಧ್ರದ ಹಳ್ಳಿಗರ ಊಟ ಅಳೆದಾಗ ಸಿಕ್ಕದ್ದು ದಿನಕ್ಕೆ 300ಕ್ಕಿಂತ ಕಡಿಮೆ. ನಮ್ಮ ಮುದುಕಿಯರ ತಾಟು ನೋಡಿದರೆ ಬೇರೆ ಲೆಕ್ಕ ಬರಲಿಕ್ಕಿಲ್ಲ. ರೊಟ್ಟಿ, ಖಾರ, ಒಂದಿಷ್ಟು ಬೇಳೆಸಾರು.

ಹಾಲು ಎಲ್ಲಿ ಹೋಯಿತು? ಹಾಲು ಡೇರಿಗೆ ಹೋಯಿತು. ಕರು ಹಾಕಿದ ಎಮ್ಮೆ ನಡುಗಬಾರದು, ಹಾಲು ಇಳಿಯಬಾರದು ಎಂದು ಮಗ ಪೇಟೆಯಿಂದ ಕ್ಯಾಲ್ಸಿಯಂ ಔಷಧದ ಡಬ್ಬಿ ತಂದು ಬಿದಿರಿನ ಗೊಟ್ಟದಿಂದ ಕುಡಿಸುತ್ತಾನೆ. ಹಾಲು ಕೊಡುವ ಜೀವದ ಎಲುಬಿನಿಂದ ಕ್ಯಾಲ್ಸಿಯಂ ಹೋಗುತ್ತದೆ ಎಂಬ ಜ್ಞಾನ ನಮ್ಮ ರೈತನಿಗೆ ಚೆನ್ನಾಗಿದೆ. ಐದಾರು ಮಕ್ಕಳನ್ನು ಹೆತ್ತು, ಒಂದೊಂದಕ್ಕೂ ಎರಡು ವರ್ಷ ಹಾಲುಣಿಸಿದ ಅವ್ವನ ವಿಷಯದಲ್ಲಿ ಮಾತ್ರ ಆ ಜ್ಞಾನ ನೆನಪಾಗುವುದಿಲ್ಲ. ಅವಳ ಕಪ್ಪಿಗೆ ಕೋರಾ ಚಹಾ. ಒಂದು ಲೀಟರಿನಲ್ಲಿ ಒಂದು ಲೋಟ ಅವ್ವಗೆ ತೆಗೆದಿಟ್ಟರೆ ಡೇರಿಯ ಬಿಲ್ಲು ಎಷ್ಟು ಕಡಿಮೆಯಾದೀತು? ಆ ದುಡ್ಡನ್ನು ಆಪರೇಶನ್ನಿನ ಖರ್ಚಿನ ಪಕ್ಕದಲ್ಲಿಟ್ಟು ನೋಡಲಿ.

ಹಾಲು ಸೇರದಿದ್ದರೆ ಮಜ್ಜಿಗೆ ಇದೆ. ಸಂಕ್ರಾಂತಿ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೇವಲ್ಲ, ಆ ಎಳ್ಳು ಒಂದು ದೊಡ್ಡ ಚಮಚದಲ್ಲಿ ಸುಮಾರು ನೂರು ಮಿಲಿಗ್ರಾಂ ಕ್ಯಾಲ್ಸಿಯಂ ಇಟ್ಟುಕೊಂಡಿದೆ. ಅದು ಹಬ್ಬಕ್ಕೆ ಮಾತ್ರ ಯಾಕಿರಬೇಕು? ಶೇಂಗಾ ಹಿಂಡಿಯ ಜೊತೆ ಎಳ್ಳನ್ನೂ ಕುಟ್ಟಿದರೆ ಆಯಿತು. ಹುರಳಿ, ನುಗ್ಗೆ ಸೊಪ್ಪು ಇವೆ. ನುಗ್ಗೆ ಗಿಡ ಹಿತ್ತಲಲ್ಲೇ ಇರುತ್ತದೆ, ಕಾಯಿ ಮಾತ್ರ ಉಂಡು ಸೊಪ್ಪನ್ನು ಆಡಿಗೆ ಹಾಕುತ್ತೇವೆ.

ಮೂರನೆಯದು, ಬಿಸಿಲು ಮತ್ತು ನಡಿಗೆ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರವೇ ಎಂದು ನಗಬೇಡಿ. ಹೊಲದಲ್ಲಿ ದುಡಿಯುವ ತನಕ ಬಿಸಿಲೂ ಇತ್ತು, ನಡಿಗೆಯೂ ಇತ್ತು. ಮೊಣಕಾಲು ನೋವು ಬಂದ ಮೇಲೆ ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. "ನೀ ಸುಮ್ನ ಕೂಡವಾ, ಕೆಲಸ ನಾವ್ ಮಾಡ್ತೀವಿ" ಎಂದು ಸೊಸೆ ಪ್ರೀತಿಯಿಂದಲೇ ಹೇಳಿದಳು. ಆ ಪ್ರೀತಿಯೇ ತೊಡೆಯ ಸ್ನಾಯು ಕರಗಿಸುತ್ತದೆ. ಸೊಲ್ಲಾಪುರದ ಬೀಡಿ ಕಟ್ಟುವ ತಾಯಂದಿರನ್ನೂ ನೆನೆಯಬೇಕು. ಕುಂಭಾರಿಯ ವಸತಿಗಳಲ್ಲಿ ಇರುವವರಾಗಲಿ, ಶಹರದ ಗಲ್ಲಿಗಳಲ್ಲಿ ಇರುವವರಾಗಲಿ, ಸೂಪ ತೊಡೆಯ ಮೇಲಿಟ್ಟುಕೊಂಡು ದಿನವಿಡೀ ನೆರಳಲ್ಲಿ ಕೂತು ಎಷ್ಟೋ ವರ್ಷ ಕಳೆದವರು. ನಾಲ್ಕು ತಾಸು ಕಾಲಮೇಲೆ ಇರಬೇಕೆಂಬ ಅಮೆರಿಕದ ಲೆಕ್ಕ ಅವರಿಗೆ ಸಿಗುವುದು ಕಷ್ಟ.

ನಾಲ್ಕನೆಯದು, ಪುಡಿ ಮತ್ತು ಗುಳಿಗೆ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಗುಳಿಗೆಗಳಲ್ಲಿ, ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಎರಡು ದಿನದಲ್ಲಿ ನೋವು ಮಾಯ, ಹಸಿವೂ ಹೆಚ್ಚು, ಮುಖ ದುಂಡಗೆ. "ಭಾಳ ಛಲೋ ಔಷಧ" ಎಂದು ಓಣಿಯಲ್ಲೆಲ್ಲ ಸುದ್ದಿ. ತಿಂಗಳುಗಟ್ಟಲೆ ತಿಂದರೆ ಅದು ಎಲುಬನ್ನು ಒಳಗಿಂದ ತಿನ್ನುತ್ತದೆ. ಆದರೆ ತಿನ್ನುತ್ತಿದ್ದವರು ಒಮ್ಮೆಲೇ ಬಿಡಬಾರದು, ಅದೂ ಅಪಾಯ. ಡಾಕ್ಟರರಿಗೆ ತೋರಿಸಿ ಇಳಿಸಬೇಕು. ಇನ್ನು ಮಿಸರಿ. ಹಲ್ಲು ತಿಕ್ಕುವ ನೆಪದಲ್ಲಿ ದಿನಕ್ಕೆ ನಾಲ್ಕು ಸಲ ಬೆರಳಾಡುವ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟು. ಸೇದುವ ತಂಬಾಕು ಎಲುಬಿಗೆ ಕೆಡುಕು ಎಂಬುದು ಸಾಬೀತಾದ ಮಾತು. ಮಿಸರಿಯೂ ಸುಟ್ಟ ತಂಬಾಕೇ, ನಿಕೋಟಿನ್ ಅದರಲ್ಲೂ ಇದೆ.

ಐದನೆಯದು, ಕಣ್ಣು. "ಇನ್ನೂ ಹಣ್ಣಾಗಿಲ್ಲ" ಎಂದು ಮೋತಿಬಿಂದು ಆಪರೇಶನ್ನನ್ನು ವರ್ಷಗಟ್ಟಲೆ ಮುಂದೂಡುತ್ತೇವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಪ್ಪತ್ತು ದಾಟಿದ 306 ಹೆಂಗಸರಲ್ಲಿ ಅರ್ಧ ಜನಕ್ಕೆ ಬೇಗನೆ ಒಂದು ಕಣ್ಣಿನ ಪೊರೆ ತೆಗೆದರು, ಉಳಿದವರನ್ನು ಸರದಿಯಲ್ಲಿ ಬಿಟ್ಟರು. 2005ರಲ್ಲಿ ಬಂದ ಫಲಿತಾಂಶದಂತೆ, ಬೇಗ ತೆಗೆಸಿಕೊಂಡವರಲ್ಲಿ ಬೀಳುವುದು ನೂರಕ್ಕೆ 34ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಪೊರೆ ತೆಗೆಯುವ ಶಿಬಿರಗಳು ಪುಕ್ಕಟೆ ನಡೆಯುತ್ತವೆ. ಕರೆದುಕೊಂಡು ಹೋಗುವವರೇ ಇಲ್ಲ.

ಆರನೆಯದು, ಮನೆ. ನಮ್ಮ ಮನೆಗಳಿಗೆ ಶಹಾಬಾದ ಫರಸಿ. ಒಣಗಿದ್ದರೆ ತಂಪು, ಒದ್ದೆಯಾಗಿ ಪಾಚಿ ಹಿಡಿದರೆ ಸಾಬೂನಿನ ಹಾಗೆ. ನೀರು ದಿನಾ ಬಾರದ ಊರುಗಳಲ್ಲಿ ಪಿಂಪು, ಕೊಡ, ಬಕೇಟು ಎಲ್ಲ ದಾರಿಯಲ್ಲೇ. ಹೊಸ್ತಿಲು ಗೇಣೆತ್ತರ. ಬಚ್ಚಲಿಗೆ ಹಿತ್ತಲು ದಾಟಿ ಹೋಗಬೇಕು, ದೀಪವಿಲ್ಲ. 2014ರ ನಂತರ ಸ್ವಚ್ಛ ಭಾರತದಲ್ಲಿ ಮನೆಮನೆಗೆ ಶೌಚಾಲಯ ಬಂತು, ಬಹಳ ದೊಡ್ಡ ಕೆಲಸ. ಆದರೆ ಎಷ್ಟು ಶೌಚಾಲಯಗಳ ಗೋಡೆಗೆ ಹಿಡಿದು ಏಳಲು ಒಂದು ಕಬ್ಬಿಣದ ಪೈಪು ಇದೆ? ಎತ್ತರದ ಮೆಟ್ಟಿಲು, ನುಣುಪು ಟೈಲ್ಸು, ಸವೆದ ಹವಾಯಿ ಚಪ್ಪಲಿ, ಕಾಲಿಗೆ ತೊಡಕುವ ಸೀರೆಯ ನೆರಿಗೆ, ರಾತ್ರಿ ಎರಡು ಗಂಟೆ. ಬೀಳದಿದ್ದರೆ ಅದು ಆಶ್ಚರ್ಯ.

ಏಳನೆಯದನ್ನು ಯಾವ ವೈದ್ಯರ ಪಟ್ಟಿಯಲ್ಲೂ ನೀವು ನೋಡಿರಲಿಕ್ಕಿಲ್ಲ. ಅದು ಭಾಷೆ. ಮೇಲೆ ಹೇಳಿದ ಕಾರಣಗಳಲ್ಲಿ ಹೆಚ್ಚಿನವು ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಕೇಳಿದರೆ ಸಿಗುತ್ತವೆ. ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ತಂದ ಫ್ರಾಕ್ಸ್ ಎಂಬ ಲೆಕ್ಕದ ಸಾಧನವೂ ವಯಸ್ಸು, ತೂಕ, ಹಿಂದಿನ ಮುರಿತ, ತಾಯಿತಂದೆಯ ಮುರಿತ, ಸ್ಟಿರಾಯ್ಡ್, ತಂಬಾಕು, ಸಂಧಿವಾತ ಎಂದು ಪ್ರಶ್ನೆ ಕೇಳಿಯೇ ಅಪಾಯ ಹೇಳುತ್ತದೆ. ಈಗ ನಮ್ಮ ಆಯಿಯನ್ನು ನೆನೆಯಿರಿ. ಅವಳಿಗೆ ಬರುವುದು ಕನ್ನಡ. ಸಂತೆಗೆ, ಎಸ್‌ಟಿ ಬಸ್ಸಿಗೆ ಸಾಕಾಗುವಷ್ಟು ಮರಾಠಿ ಇದೆ. ದವಾಖಾನೆಯಲ್ಲಿ ಡಾಕ್ಟರರು ಮರಾಠಿಯಲ್ಲಿ ಕೇಳುತ್ತಾರೆ, ಮಗ ನಡುವೆ ನಿಂತು ಉತ್ತರ ಕೊಡುತ್ತಾನೆ. "ಮುಟ್ಟು ಯಾವಾಗ ನಿಂತಿತು? ಚೀಲ ತೆಗೆದಾಗ ಏನೇನು ತೆಗೆದರು? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾಳೆ? ಹೋದ ವರ್ಷ ಎಷ್ಟು ಸಲ ಬಿದ್ದಳು?" ಇವನ್ನು ಮಗ ಅವ್ವನಿಗೆ ಕೇಳುವನೇ? ಕೇಳಿದರೆ ಅವ್ವ ಮಗನ ಮುಂದೆ ಹೇಳುವಳೇ? "ಏನಿಲ್ಲ ಸಾಹೇಬ, ಟೊಂಕ ನೋವು ಅಷ್ಟೇ" ಎಂದು ಮುಗಿಯುತ್ತದೆ. ನೋವಿನ ಗುಳಿಗೆ ಬರೆದುಕೊಡುತ್ತಾರೆ. ಇದು ಡಾಕ್ಟರರ ತಪ್ಪೂ ಅಲ್ಲ, ಅವರ ಮುಂದೆ ಇನ್ನೂ ನೂರು ಜನ ಕಾದಿರುತ್ತಾರೆ. ಮಾತು ದಾಟಲಿಲ್ಲ, ಅಷ್ಟೇ.

ಗಡಿಯ ವಾದ ಬಂದಾಗ ಎರಡೂ ಕಡೆಯ ಮುಂದಾಳುಗಳು ಭಾಷೆಯ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುತ್ತಾರೆ. ನಾಮಫಲಕ, ಶಾಲೆ, ನೌಕರಿ ಎಲ್ಲ ಬರುತ್ತದೆ. ಬರಲಿ. ಆದರೆ ಒಬ್ಬ ಮುದುಕಿ ತನ್ನ ಮೈಯ ಕಷ್ಟವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುವ ಹಕ್ಕು ಅದರಲ್ಲಿ ಯಾಕೆ ಬರುವುದಿಲ್ಲ? ಊರಿನ ಆಶಾ ತಾಯಿಯ ಕೈಗೆ ಕನ್ನಡದಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರೆ ಸಾಕು. ಮನೆಯಲ್ಲಿ, ಹೆಂಗಸು ಹೆಂಗಸನ್ನು ಕೇಳಿದರೆ ಉತ್ತರ ಬರುತ್ತದೆ. ಆ ಹಾಳೆಯ ಇನ್ನೊಂದು ಮಗ್ಗುಲಲ್ಲಿ ಅದೇ ಮರಾಠಿಯಲ್ಲಿರಲಿ, ಡಾಕ್ಟರರು ಓದಿಕೊಳ್ಳುತ್ತಾರೆ. ಬರೆದುಕೊಡಲು ಕನ್ನಡ ಶಾಲೆಯ ಮಾಸ್ತರರು, ಬಾಯಿಗಳು ಇದ್ದೇವೆ. ಎರಡೂ ಭಾಷೆ ಬಲ್ಲ ಜನ ನಮ್ಮಷ್ಟು ಬೇರೆ ಯಾರಿದ್ದಾರೆ?

ಎಲುಬು ಮುರಿಯುವ ಮೊದಲು ಗಂಟೆ ಬಾರಿಸುವುದೂ ಉಂಟು. ಐವತ್ತೈದರ ಹೊತ್ತಿಗೆ ಕೈ ಊರಿ ಬಿದ್ದು ಮುಂಗೈ ಮುರಿದರೆ ಅದು ಮೊದಲ ಗಂಟೆ. ಪಟ್ಟಿ ಕಟ್ಟಿ ಮರೆಯುತ್ತೇವೆ. ಎತ್ತರ ಕಡಿಮೆಯಾಗಿ ಬೆನ್ನು ಗೂನಾದರೆ ಎರಡನೆಯ ಗಂಟೆ. ಗೂನು ಮುಪ್ಪಿನ ಲಕ್ಷಣ ಎಂದುಕೊಂಡಿದ್ದೇವೆ. ಎಷ್ಟೋ ಸಲ ಅದು ಬೆನ್ನಿನ ಮಣಿಗಳು ಸದ್ದಿಲ್ಲದೆ ಕುಸಿದದ್ದು. ಈ ಗಂಟೆ ಕೇಳಿಸಿದ ಕೂಡಲೇ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಬಗ್ಗೆ ಡಾಕ್ಟರರನ್ನು ಕೇಳಬೇಕು. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಹೇಳುವುದು ಅಂತಿಮವಲ್ಲ. ಬೇಕಾದವರಿಗೆ ಔಷಧವೂ ಇದೆ. ವಾರಕ್ಕೊಂದು ಗುಳಿಗೆ, ಇಲ್ಲವೇ ವರ್ಷಕ್ಕೊಂದು ಝೋಲೆಡ್ರೋನಿಕ್ ಆಮ್ಲದ ಸಲಾಯಿನ್. 2007ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ಸಲಾಯಿನ್ ಸೊಂಟದ ಮುರಿತವನ್ನು ನೂರಕ್ಕೆ 41ರಷ್ಟು ಕಡಿಮೆ ಮಾಡಿತು.

ಆದರೆ ಶಕ್ತಿಗೆಂದು ಸಿಕ್ಕಸಿಕ್ಕಲ್ಲಿ ಕ್ಯಾಲ್ಸಿಯಂ ಸೂಜಿ, ಡಿ ಜೀವಸತ್ವದ ಭಾರೀ ಡೋಸು ಹಾಕಿಸಿಕೊಳ್ಳುವುದು ಬೇಡ. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2256 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ, ವರ್ಷಕ್ಕೊಮ್ಮೆ ಐದು ಲಕ್ಷ ಯುನಿಟ್ ಡಿ ಜೀವಸತ್ವ ಕೊಟ್ಟಾಗ ಬೀಳುವುದೂ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾದವು. ಅದು 2010ರಲ್ಲಿ ಹೊರಬಂತು. ಕೊರತೆ ಇದ್ದವರಿಗೆ ಅಳತೆಯಲ್ಲಿ ಬೇಕು. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇಷ್ಟಾಗಿಯೂ ಬಿದ್ದರೆ? ಬಿದ್ದ ಮೇಲೆ ಕಾಲು ಗಿಡ್ಡವಾಗಿ, ಪಾದ ಹೊರಗೆ ತಿರುಗಿ, ನಿಲ್ಲಲಾಗದಿದ್ದರೆ ಎಲುಬು ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ಹಚ್ಚಿ ಎಳೆಯಬೇಡಿ, ಎಲುಬು ಕಟ್ಟುವವರಲ್ಲಿ ಹೋಗಿ ಬಿದಿರು ದಬ್ಬೆ ಕಟ್ಟಿಸಬೇಡಿ. ಮುಂಗೈ ಬೇರೆ, ಇದು ಬೇರೆ. "ಮುಪ್ಪಿನ ಎಲುಬು ಕೂಡಂಗಿಲ್ಲ" ಎನ್ನುವವರ ಮಾತು ಕೇಳಬೇಡಿ. ಸಾಧ್ಯವಾದರೆ 36ರಿಂದ 48 ತಾಸಿನೊಳಗೆ ಆಪರೇಶನ್ ಆಗಬೇಕು, ಮರುದಿನವೇ ಆಸರೆಯಿಂದ ಎಬ್ಬಿಸಬೇಕು ಎಂಬುದು ಇಂದಿನ ವೈದ್ಯರ ನಿಯಮ. ಮಲಗಿಸಿಟ್ಟರೆ ಬೆನ್ನಿಗೆ ಹುಣ್ಣು, ಎದೆಗೆ ಕಫ, ರಕ್ತ ಹೆಪ್ಪು. ಒಳ್ಳೆಯ ಆಸ್ಪತ್ರೆಗಳಿರುವ ದೇಶಗಳಲ್ಲೇ ಈ ಮುರಿತವಾದ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಹೊರಸಿನ ಮೇಲೆ ಬಿಟ್ಟರೆ ಹೇಳುವುದೇ ಬೇಡ.

ದುಡ್ಡು ಎಲ್ಲಿಂದ ಎನ್ನುತ್ತೀರಿ. ಸೊಲ್ಲಾಪುರದಲ್ಲಿ 1963ರಿಂದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅದರ ಸಿವಿಲ್ ಆಸ್ಪತ್ರೆ ಇದೆ. ಮಹಾತ್ಮಾ ಜೋತಿರಾವ ಫುಲೆ ಜನ ಆರೋಗ್ಯ ಯೋಜನೆ ಇದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದ ಎಲ್ಲರಿಗೂ, ಬಡವರು ಶ್ರೀಮಂತರು ಎನ್ನದೆ, ಆಯುಷ್ಮಾನ್ ಭಾರತದ ಕಾರ್ಡು ಸಿಗುತ್ತದೆ. ಬಿದ್ದ ಮೇಲೆ ಕಾರ್ಡಿಗೆ ಓಡಾಡುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಇಂದೇ ಆಧಾರ್ ಹಿಡಿದುಕೊಂಡು ಮಾಡಿಸಿ. 2024ರಲ್ಲಿ ಬಂದ ಮುಖ್ಯಮಂತ್ರಿ ವಯೋಶ್ರೀ ಯೋಜನೆಯಲ್ಲಿ 65 ದಾಟಿದ ಬಡವರಿಗೆ ಕನ್ನಡಕ, ಊರುಗೋಲು, ವಾಕರ್, ಕಮೋಡ್ ಕುರ್ಚಿಯಂಥ ಸಾಧನಗಳಿಗೆ ಒಮ್ಮೆ 3000 ರೂಪಾಯಿ ಎಂದು ಗೊತ್ತುಮಾಡಿದ್ದಾರೆ. ಗ್ರಾಮಪಂಚಾಯತಿಯಲ್ಲಿ ಕೇಳಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಗ್ರಾಮಪಂಚಾಯತಿಯವರು ಹೊಸ ಶೌಚಾಲಯಕ್ಕೆ ಹಣ ಕೊಡುವಾಗ ಹಿಡಿಕೆಯ ಪೈಪು ಇಲ್ಲದೆ ಕೊಡಬಾರದು. ಆರೋಗ್ಯ ಇಲಾಖೆಯವರು ಕನ್ನಡ ಊರುಗಳಿಗೆ ಕನ್ನಡದ ಹಾಳೆ ಕೊಡಬೇಕು. ಕಣ್ಣಿನ ಶಿಬಿರಕ್ಕೆ ಮುದುಕಿಯರನ್ನು ಕರೆದೊಯ್ಯುವ ಕೆಲಸವನ್ನು ತರುಣ ಮಂಡಳಗಳು ಹೊರಬೇಕು. ಗಣೇಶನ ಮೆರವಣಿಗೆಗೆ ಟ್ರ್ಯಾಕ್ಟರ್ ಸಿಗುತ್ತದೆ, ಇದಕ್ಕೂ ಸಿಗಲಿ.

ಮನೆಯವರಿಗೆ ಈ ಆಯಿತವಾರದ ಕೆಲಸ. ಬಚ್ಚಲದ ಫರಸಿಯನ್ನು ಸುಣ್ಣದ ಕಲ್ಲಿನಿಂದಲೋ ಬ್ರಶ್ಶಿನಿಂದಲೋ ತಿಕ್ಕಿ ಪಾಚಿ ತೆಗೆಯಿರಿ. ಹಿತ್ತಲಿಗೊಂದು ಬಲ್ಬು ಹಾಕಿ. ಗೋಡೆಗೊಂದು ಪೈಪು ಹೊಡೆಸಿ. ದಾರಿಯ ಕೊಡಗಳನ್ನು ಬದಿಗೆ ಸರಿಸಿ. ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ಪಕ್ಕದಲ್ಲಿ ನಿಂತು, "ಕೈ ಊರದೆ ಏಳವಾ ನೋಡೂಣು" ಎನ್ನಿ. ಎದ್ದರೆ ಸಂತೋಷ, ದಿನಕ್ಕೆ ಹತ್ತು ಸಲ ಹಾಗೆ ಏಳಿಸಿ. ಏಳಲಾಗದಿದ್ದರೆ ನಿಮಗೆ ಉತ್ತರ ಸಿಕ್ಕಿತು, ದವಾಖಾನೆಗೆ ಕರೆದುಕೊಂಡು ಹೋಗಿ. ಹೋಗುವಾಗ ಮಗಳನ್ನೋ ಸೊಸೆಯನ್ನೋ ಮಾತಿಗೆ ಜೊತೆಗೆ ಕಳಿಸಿ.

ಮತ್ತೆ ನಾಳೆ ಬೆಳಿಗ್ಗೆ ಡೇರಿಗೆ ಕ್ಯಾನು ಹೊರುವ ಮೊದಲು ಒಂದು ಲೋಟ ಹಾಲು ಒಳಗೆ ಇಡಿ.